ಎಳೆ ಕಡಿಯದಿದ್ದರೂ ಬಜರ್ ಯಾಕೆ ಕೂಗುತ್ತದೆ?

ಪ್ರಶ್ನೆ: ಸರ್, ನಾನು ಬನಹಟ್ಟಿಯವನು, ಡಿಪ್ಲೊಮಾ ಓದುತ್ತಿದ್ದೇನೆ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಹಾಸಿನ ಎಳೆ ಕಡಿದರೆ ಬಜರ್ ಕೂಗುವ ಹಾಗೆ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಒಂದು ಸರ್ಕ್ಯೂಟ್ ಮಾಡಿದ್ದೇನೆ. ಎಳೆ ಕಡಿದಾಗ ಅದಕ್ಕೆ ತೂಗುಬಿಟ್ಟ ಡ್ರಾಪ್ ವೈರ್ (ತೆಳು ಲೋಹದ ತುಂಡು) ಕೆಳಗೆ ಬಿದ್ದು ಎರಡು ಲೋಹದ ಪಟ್ಟಿಗಳನ್ನು ಕೂಡಿಸುತ್ತದೆ. ಒಂದು ಪಟ್ಟಿಗೆ 5 ವೋಲ್ಟ್ ಕೊಟ್ಟಿದ್ದೇನೆ, ಇನ್ನೊಂದನ್ನು 2ನೇ ಪಿನ್‌ಗೆ ಸೇರಿಸಿದ್ದೇನೆ. ಮೇಜಿನ ಮೇಲೆ ಸರಿಯಾಗಿತ್ತು. ಮಗ್ಗಕ್ಕೆ ಕೂಡಿಸಿದ ಮೇಲೆ ಸುಮ್ನೆ ಕೂಗುತ್ತದೆ. ಕೈ ಹತ್ತಿರ ಒಯ್ದರೂ ಕೂಗುತ್ತದೆ. ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ) ಬಲಗಡೆಯ ಎಲ್‌ಇಡಿ ಹತ್ತುವುದೇ ಇಲ್ಲ. ಪ್ರೋಗ್ರಾಮ್ ಹತ್ತು ಸಲ ತಿದ್ದಿದೆ. ಮುಂದೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿ ಮಗ್ಗವನ್ನೇ ನಿಲ್ಲಿಸಬೇಕೆಂಬ ಆಸೆ ಇದೆ. ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪ್ರೋಗ್ರಾಮ್ ಸರಿಯಾಗಿದೆ. ತಪ್ಪು ಹುಡುಕಲು ಅದನ್ನು ಇನ್ನು ಮುಟ್ಟಬೇಡಿ. ತಪ್ಪು ಇರುವುದು ವೈರಿಂಗ್‌ನಲ್ಲಿ, ಮತ್ತು ಅದರ ಗುರುತನ್ನು ನೀವೇ ಬರೆದಿದ್ದೀರಿ: ಕೈ ಹತ್ತಿರ ಒಯ್ದರೂ ಕೂಗುತ್ತದೆ.

ಡ್ರಾಪ್ ವೈರ್ ಬಿದ್ದಾಗ 2ನೇ ಪಿನ್‌ಗೆ 5 ವೋಲ್ಟ್ ಸಿಗುತ್ತದೆ, ಸರಿ. ಬೀಳದೆ ಇದ್ದಾಗ ಆ ಪಿನ್‌ಗೆ ಏನು ಸಿಗುತ್ತದೆ? ಸೊನ್ನೆ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ, ಏನೂ ಸಿಗುವುದಿಲ್ಲ. ಎಲ್ಲಿಗೂ ಸೇರದ ವೈರ್ ಸೊನ್ನೆ ವೋಲ್ಟ್‌ನಲ್ಲಿ ಇರುವುದಿಲ್ಲ. ಅದು ಆಂಟೆನಾ ಆಗುತ್ತದೆ. ಸುತ್ತಲಿನ 50 ಹರ್ಟ್ಸ್ ಕರೆಂಟಿನ ಗದ್ದಲ, ಮೋಟಾರಿನ ಗದ್ದಲ, ನಿಮ್ಮ ಕೈ, ಎಲ್ಲವನ್ನೂ ಹಿಡಿಯುತ್ತದೆ. ಮೇಜಿನ ಮೇಲೆ ವೈರ್ ಗೇಣುದ್ದ ಇತ್ತು, ಹತ್ತಿರ ಮೋಟಾರ್ ಇರಲಿಲ್ಲ. ಮಗ್ಗದ ಮೇಲೆ ಅದು ಮಾರುದ್ದ ಆಯಿತು. ಅದಕ್ಕೇ ಅಲ್ಲಿ ಸುಮ್ಮನಿದ್ದದ್ದು ಇಲ್ಲಿ ಕೂಗುತ್ತಿದೆ.

ನಂಬಿಕೆ ಬರಬೇಕಾದರೆ ಹೀಗೆ ನೋಡಿ. ಮಗ್ಗದ ಕಡೆಯ ವೈರನ್ನು 2ನೇ ಪಿನ್‌ನಿಂದ ಕೀಳಿ. ಗೇಣುದ್ದದ ಜಂಪರ್ ವೈರ್‌ನಿಂದ ಆ ಪಿನ್ನನ್ನು ಗ್ರೌಂಡ್‌ಗೆ, ಅಂದರೆ ಬೋರ್ಡಿನ ಸೊನ್ನೆ ವೋಲ್ಟ್ ಪಿನ್‌ಗೆ, ಕೂಡಿಸಿ. ಬಜರ್ ಸುಮ್ಮನಾಗಬೇಕು. ಅದೇ ಜಂಪರನ್ನು 5 ವೋಲ್ಟ್‌ಗೆ ಕೊಡಿ, ಕೂಗಬೇಕು. ಎರಡೂ ಆದರೆ ಬೋರ್ಡ್, ಬಜರ್, ಪ್ರೋಗ್ರಾಮ್ ಮೂರೂ ಚೆನ್ನಾಗಿವೆ ಎಂದರ್ಥ. ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು. ಯಾವ ಸರ್ಕ್ಯೂಟ್ ಕೆಟ್ಟರೂ ಮೊದಲು ಹೀಗೆ ನಡುವೆ ಕತ್ತರಿಸಿ ನೋಡುವುದು ನನ್ನ ರೂಢಿ.

ಈಗ ರಿಪೇರಿ. ಒಂದು ಪಟ್ಟಿಗೆ 5 ವೋಲ್ಟ್ ಬದಲು ಗ್ರೌಂಡ್ ಕೊಡಿ. ಇನ್ನೊಂದು 2ನೇ ಪಿನ್‌ಗೇ ಇರಲಿ. 2ನೇ ಪಿನ್ ಮತ್ತು 5 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ. ಈಗ ಎಳೆ ಸರಿ ಇದ್ದಾಗ ಪಿನ್ 5 ವೋಲ್ಟ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಡ್ರಾಪ್ ವೈರ್ ಬಿದ್ದರೆ ಸೊನ್ನೆಗೆ ಇಳಿಯುತ್ತದೆ. ಪ್ರೋಗ್ರಾಮಿನಲ್ಲಿ 2ನೇ ಪಿನ್ ಓದುವ ಕಡೆ ಹೈ (5 ವೋಲ್ಟ್) ಇದ್ದಲ್ಲಿ ಲೋ (ಸೊನ್ನೆ) ಎಂದು ಬರೆಯಬೇಕು, ಅಷ್ಟೇ ಬದಲಾವಣೆ. ಊನೋದ ಚಿಪ್ಪಿನೊಳಗೇ ಇಂಥ ರೆಸಿಸ್ಟರ್ ಇದೆ ನಿಜ. ಆದರೆ ಅದು 20ರಿಂದ 50 ಕಿಲೋ ಓಮ್. ಬಟನ್ನಿಗೆ ಸಾಕು, ಮಗ್ಗದ ಮೋಟಾರ್ ಪಕ್ಕದ ಉದ್ದ ವೈರಿಗೆ ತೀರಾ ಬಲಹೀನ. ಆ ಎರಡು ವೈರುಗಳನ್ನು ಹುರಿ ಮಾಡಿದ ಹಾಗೆ ಒಂದಕ್ಕೊಂದು ಸುತ್ತಿ ಒಯ್ಯಿರಿ, ಗದ್ದಲ ಇನ್ನೂ ಕಡಿಮೆ ಆಗುತ್ತದೆ.

ಇದರಿಂದ ಇನ್ನೊಂದು ಲಾಭ ಇದೆ. ಮಗ್ಗ ಅಲುಗಾಡುತ್ತಾ ವೈರಿನ ಮೇಲಿನ ಪ್ಲಾಸ್ಟಿಕ್ ಸವೆಯುತ್ತದೆ. ಹಳೆಯ ವೈರಿಂಗ್‌ನಲ್ಲಿ 5 ವೋಲ್ಟ್ ವೈರ್ ಎಲ್ಲಾದರೂ ಗ್ರೌಂಡ್‌ಗೆ ತಾಗಿದ್ದರೆ ಶಾರ್ಟ್ ಆಗುತ್ತಿತ್ತು. ಈಗ ಮಗ್ಗದ ಕಡೆಯ ಎರಡು ವೈರುಗಳು ಒಂದಕ್ಕೊಂದು ತಾಗಿದರೆ ಬಜರ್ ಕೂಗುತ್ತದೆ, ಬೇರೆ ಏನೂ ಸುಡುವುದಿಲ್ಲ.

ಎಲ್‌ಇಡಿ ವಿಷಯ. ನಿಮ್ಮದು 830 ತೂತಿನ ಉದ್ದ ಬ್ರೆಡ್‌ಬೋರ್ಡ್. ಫೋಟೋದಲ್ಲಿ ಅಂಚಿನ ಕೆಂಪು, ನೀಲಿ ಗೆರೆಗಳು ನಡುವೆ ಕಡಿದಿವೆ, ನೋಡಿ. ಗೆರೆ ಕಡಿದಲ್ಲಿ ಒಳಗಿನ ಲೋಹದ ಪಟ್ಟಿಯೂ ಸಾಮಾನ್ಯವಾಗಿ ಕಡಿದಿರುತ್ತದೆ. ನಿಮ್ಮ ಗ್ರೌಂಡ್ ಎಡಗಡೆಯಲ್ಲೇ ಮುಗಿದಿದೆ. ಕರೆಂಟ್ ತೆಗೆದು, ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಗ್ರೌಂಡ್ ಇರುವ ಗೆರೆಯ ಎಡ, ಬಲ ಎರಡೂ ತುದಿಗೆ ಮುಟ್ಟಿಸಿ. ಬೀಪ್ ಬರಲಿಲ್ಲ ಎಂದರೆ ನಡುವೆ ಒಂದು ಜಂಪರ್ ಹಾಕಬೇಕು.

ಆದರೆ ಜಂಪರ್ ಹಾಕುವ ಮೊದಲು ಆ ಎಲ್‌ಇಡಿಗೆ ರೆಸಿಸ್ಟರ್ ಹಾಕಿ. ಫೋಟೋದಲ್ಲಿ ಅದು ಇಲ್ಲವೇ ಇಲ್ಲ! ಗ್ರೌಂಡ್ ಸಿಗದೆ ಇದ್ದದ್ದರಿಂದಲೇ ಇಷ್ಟು ದಿನ ಪಿನ್ ಉಳಿದಿದೆ. ಊನೋದ ಒಂದು ಪಿನ್‌ನಿಂದ 20 ಮಿಲಿ ಆಂಪಿಯರ್ ತನಕ ಎಳೆಯಬಹುದು, 40 ದಾಟಿದರೆ ಪಿನ್ ಸುಡಬಹುದು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 3 ವೋಲ್ಟ್‌ಗೆ 220 ಓಮ್ ಇಟ್ಟರೆ ಹತ್ತಿರ ಹತ್ತಿರ 14 ಮಿಲಿ ಆಂಪಿಯರ್. ಬೆಳಕಿಗೆ ಬೇಕಾದಷ್ಟಾಯಿತು.

ವೈರುಗಳೆಲ್ಲ ಹಳದಿ ಬಣ್ಣದವೇ ಇವೆ. ಸೀರೆಯ ಹಾಸಿನಲ್ಲಿ ಬಣ್ಣದ ಲೆಕ್ಕ ತಪ್ಪದ ಮನೆಯಲ್ಲಿ ಬೆಳೆದವರು ನೀವು. ಇಲ್ಲೂ 5 ವೋಲ್ಟ್‌ಗೆ ಕೆಂಪು, ಗ್ರೌಂಡ್‌ಗೆ ಕಪ್ಪು ಇಡಿ. ತಪ್ಪು ಕಣ್ಣಿಗೇ ಕಾಣುತ್ತದೆ. ಎಲ್ಲ ಸರಿಯಾದ ಮೇಲೆ ಬ್ರೆಡ್‌ಬೋರ್ಡ್ ಬಿಟ್ಟು ಬೆಸುಗೆ ಹಾಕಿದ ಬೋರ್ಡಿಗೆ ಬನ್ನಿ. ಮಗ್ಗದ ಅಲುಗಾಟಕ್ಕೆ ಚುಚ್ಚಿದ ವೈರುಗಳು ನಿಲ್ಲುವುದಿಲ್ಲ.

ರಿಲೇ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಮೋಟಾರ್ ಕಡೆಯ ವೈರುಗಳನ್ನು ನೀವೇ ಮುಟ್ಟಬೇಡಿ. ಅಲ್ಲಿ 230 ವೋಲ್ಟ್ ಇರಬಹುದು, ತ್ರೀ ಫೇಸ್ ಆದರೆ 415. ಸ್ಟಾರ್ಟರಿನ ಸ್ಟಾಪ್ ಬಟನ್ ವೈರಿನಲ್ಲೂ ಅಷ್ಟೇ ವೋಲ್ಟ್ ಹರಿಯುತ್ತಿರಬಹುದು. ಬಜರ್ ತಿಂಗಳುಗಟ್ಟಲೆ ತಪ್ಪಿಲ್ಲದೆ ಕೂಗಲಿ. ಆಮೇಲೆ ಮಗ್ಗದ ಎಲೆಕ್ಟ್ರಿಷಿಯನ್ನನ್ನು ಕರೆದು, ಅವರ ಕೈಯಿಂದಲೇ ಆ ಭಾಗ ಮಾಡಿಸಿ.

ಇಷ್ಟು ಮಾಡಿಯೂ ಸುಳ್ಳು ಕೂಗು ಬಂದರೆ, ಮಗ್ಗ ನಿಲ್ಲಿಸಿ, ಎಲ್ಲ ಎಳೆ ಸರಿ ಇರುವಾಗ, 2ನೇ ಪಿನ್ ಮತ್ತು ಗ್ರೌಂಡ್ ನಡುವೆ ವೋಲ್ಟ್ ಅಳೆಯಿರಿ. 5ರ ಹತ್ತಿರ ಇರಬೇಕು. 3ಕ್ಕಿಂತ ಕೆಳಗಿದ್ದರೆ ಚಿಪ್ ಅದನ್ನು ಹೈ ಎಂದು ಖಚಿತವಾಗಿ ಓದುವುದಿಲ್ಲ. ಪಟ್ಟಿಗಳ ನಡುವೆ ಗಂಜಿ ಹತ್ತಿದ, ತೇವ ಹಿಡಿದ ನೂಲಿನ ಧೂಳು ಕೂತು ಕರೆಂಟ್ ಸೋರುತ್ತಿರಬಹುದು. ಒಣ ಬ್ರಷ್‌ನಿಂದ ಚೆನ್ನಾಗಿ ತೆಗೆದು ಮತ್ತೆ ಅಳೆಯಿರಿ. ಎಷ್ಟು ಬಂತು ಎಂದು ನನಗೂ ಬರೆಯಿರಿ.