ನ್ಯೂಜಿಲೆಂಡಿನಂಥ ಒಪ್ಪಂದ ಮಲೆಕುಡಿಯರಿಗೂ ಸಿಗುತ್ತಾ?

ಪ್ರಶ್ನೆ: ಕಳಸದ ಹತ್ತಿರ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ನಮ್ಮ ಊರು. ನಾವು ಮಲೆಕುಡಿಯರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಹೆಸರು ಸಂವಿಧಾನಕ್ಕೆ ಸೇರಿಸಲು ವೋಟು ಹಾಕಿಸಿ, ಅದು ಬಿದ್ದುಹೋಯಿತಂತೆ. ನ್ಯೂಜಿಲೆಂಡಿನಲ್ಲಿ ಸರ್ಕಾರವೇ ಅವರ ಜೊತೆ ಒಪ್ಪಂದ ಮಾಡಿಕೊಂಡಿದೆ ಅಂತಾಳೆ ಮಗಳು. ನಮಗೂ ಹಾಗೆ ಆಗಬಹುದಾ ಸರ್?
– ಓದುಗರು, ಕಳಸ

ಉತ್ತರ: ಮಗಳು ಹೇಳಿದ್ದು ಸರಿ. 1840ರ ಫೆಬ್ರವರಿ 6ರಂದು ನ್ಯೂಜಿಲೆಂಡಿನ ವೈತಾಂಗಿಯಲ್ಲಿ ಬ್ರಿಟಿಷರೂ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖಂಡರೂ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಸಹಿ ಬಿದ್ದ ಮೇಲೂ ಮಾವೋರಿಗಳ ಜಮೀನು ಕೈತಪ್ಪುತ್ತಲೇ ಇತ್ತು. ಅವರ ದೂರು ಕೇಳಲು ಒಂದು ನ್ಯಾಯಮಂಡಳಿ ಬಂದದ್ದು 1975ರಲ್ಲಿ! ಕೆನಡಾದವರು ಸ್ವಲ್ಪ ಜಾಣರು. 1982ರ ಸಂವಿಧಾನದ 35ನೇ ವಿಧಿಯಲ್ಲಿ ಒಪ್ಪಂದದ ಹಕ್ಕುಗಳನ್ನೇ ಸೇರಿಸಿಬಿಟ್ಟರು. ಆಸ್ಟ್ರೇಲಿಯಾದಲ್ಲಿ 2023ರ ಅಕ್ಟೋಬರ್ 14ರಂದು ಜನ ತಳ್ಳಿಹಾಕಿದ್ದು ಮೂಲನಿವಾಸಿಗಳ ಪರವಾಗಿ ಬರೀ ಸಲಹೆ ಕೊಡುವ ಒಂದು ಮಂಡಳಿಯನ್ನು. ಸುಮಾರು 60 ಶೇಕಡಾ ಮಂದಿ ಅದಕ್ಕೂ ಬೇಡ ಅಂದರು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ 1986ರಲ್ಲಿ ಕೇಂದ್ರ ಸರ್ಕಾರ ಮಿಜೋರಾಂನ ಬಂಡಾಯಗಾರರ ಜೊತೆ ಮಾಡಿಕೊಂಡ ಮಿಜೋ ಒಪ್ಪಂದ. ಅದರಿಂದ ಬಂದ ಸಂವಿಧಾನದ 371ಜಿ ವಿಧಿಯ ಪ್ರಕಾರ, ಮಿಜೋಗಳ ಜಮೀನು, ಕಟ್ಟುಕಟ್ಟಳೆ ಮುಟ್ಟುವ ಸಂಸತ್ತಿನ ಕಾನೂನು ಅಲ್ಲಿನ ವಿಧಾನಸಭೆ ಒಪ್ಪದೆ ನಡೆಯುವುದಿಲ್ಲ. ಅದರ ಹಿಂದೆ ಎರಡು ದಶಕದ ಬಂದೂಕಿನ ಕಥೆ ಇದೆ, ಅದು ಯಾರಿಗೂ ಬೇಡ.

ಕರ್ನಾಟಕದಲ್ಲಿ ಮಲೆಕುಡಿಯರು, ಹಸಲರು, ಗೌಡಲು, ಬೇಲೂರು ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದರೆ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಬುಡಕಟ್ಟು ಜನರಿಗಾಗಿ ವಿಶೇಷವಾಗಿ ಗುರುತಿಸಿದ ಪ್ರದೇಶ ಅಂತ ನಮ್ಮ ರಾಜ್ಯದಲ್ಲಿ ಒಂದು ಹಳ್ಳಿಯೂ ಇಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ಬಲ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿಗೆ ಬರಲೇ ಇಲ್ಲ. ಒಪ್ಪಂದ ಇಲ್ಲದ್ದಕ್ಕಿಂತ ಇದೇ ದೊಡ್ಡ ನಷ್ಟ ಅಂತ ನನಗನ್ನಿಸುತ್ತದೆ.

ನಿಮ್ಮ ಕೈಯಲ್ಲಿ ಇವತ್ತೇ ಇರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಇದಕ್ಕೆ ಅನುಸೂಚಿತ ಪ್ರದೇಶ ಆಗಿರಬೇಕಿಲ್ಲ, ರಾಷ್ಟ್ರೀಯ ಉದ್ಯಾನದ ಒಳಗೂ ನಡೆಯುತ್ತದೆ. 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಪರಿಶಿಷ್ಟ ಪಂಗಡದವರು ಸಾಗುವಳಿ ಮಾಡುತ್ತಿರುವ ಜಾಗಕ್ಕೆ, 4 ಹೆಕ್ಟೇರ್ ತನಕ, ಹಕ್ಕು ಕೇಳಬಹುದು. ಅರ್ಜಿ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ. ವನ್ಯಜೀವಿಗಳಿಗಾಗಿ ಊರನ್ನೇ ಬೇರೆಡೆಗೆ ಕಳಿಸಬೇಕಾದರೂ, ಜಾಗ, ಪರಿಹಾರ ಎರಡಕ್ಕೂ ಗ್ರಾಮಸಭೆ ಲಿಖಿತವಾಗಿ ಒಪ್ಪಬೇಕು. ಸರ್ಕಾರ ನಿಮ್ಮನ್ನು ಕೇಳಲೇಬೇಕಾದ ಜಾಗ ಇದೇ ಅಲ್ವಾ? ಮಾವೋರಿಗಳು ಹೋರಾಡಿದ್ದೂ ಇಂಥ ಒಂದು ಮಾತಿಗೇ.

ಅದಕ್ಕೆ ಗ್ರಾಮಸಭೆಗೆ ಸುಮ್ನೆ ಹೋಗಿ ಹೆಬ್ಬೆಟ್ಟು ಒತ್ತಿ ಬರಬೇಡಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಅವರಿಲ್ಲದೆ ಸಭೆಯ ಕೋರಂ ಆಗುವುದಿಲ್ಲ. ನಡವಳಿಯನ್ನು ಅಲ್ಲೇ ಓದಿಸಿ, ಪ್ರತಿ ಕೇಳಿ ಪಡೆಯಿರಿ. ಗ್ರಾಮಸಭೆ ಅರ್ಜಿ ತಿರಸ್ಕರಿಸಿದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಇನ್ನು 60 ದಿನದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಇದೆ. ತಿರಸ್ಕಾರದ ಕಾರಣ ಬರೆದೇ ಕೊಡಬೇಕು, ಬಾಯಿಮಾತು ನಡೆಯುವುದಿಲ್ಲ.