ಗೋಡೆಯಲ್ಲಿರುವುದು ಪಾನಶೆತ್ ನೀರಲ್ಲ

ಪ್ರಶ್ನೆ: ಪುಣೆಯ ಡೆಕ್ಕನ್ ಜಿಮ್‌ಖಾನಾ ಹತ್ತಿರದ ಓಣಿಯೊಂದರಲ್ಲಿ ನಮ್ಮದು 1956ರಲ್ಲಿ ಕಟ್ಟಿದ ಮನೆ. ನೌಕರಿಗೆಂದು ಧಾರವಾಡದಿಂದ ಬಂದ ಮಾವನವರು ಕಟ್ಟಿಸಿದ್ದು. ಐದಾರು ವರ್ಷಗಳಲ್ಲಿ, ದುಡ್ಡು ಕೂಡಿದ ಹಾಗೆ ಒಂದೊಂದೇ ಕೆಲಸ ಮಾಡಿಸುವ ಆಸೆ. ಅಡುಗೆಮನೆಯಿಂದ ಶುರುವಾಗಲಿ ಎಂದು ನಾನು, ಎಲ್ಲವನ್ನೂ ಕೆಡವೋಣ ಎಂದು ಗುತ್ತಿಗೆದಾರ. ಹಿಂದಿನ ಕೋಣೆಯ ಗೋಡೆಯಲ್ಲಿ ತೇವವಿದೆ. ಮಾವನವರಿದ್ದಾಗ ಅಂಗೈಯಷ್ಟಿದ್ದದ್ದು ಈಗ ಮೊಣಕಾಲೆತ್ತರ. ಎರಡು ಸಲ ಸಿಮೆಂಟ್ ಗಾರೆ ಹಾಕಿಸಿದರೂ ಉದುರಿತು. ಪಾನಶೆತ್ ಅಣೆಕಟ್ಟು ಒಡೆದಾಗ ಗೋಡೆ ಕುಡಿದ ನೀರು ಅದು ಎನ್ನುತ್ತಿದ್ದರು ಅವರು. ಎಂಟು ವರ್ಷದ ಹಿಂದೆ ಹಿತ್ತಲಿಗೆ ಪೇವರ್ ಬ್ಲಾಕ್ ಹಾಕಿಸಿದ್ದು ಬಿಟ್ಟರೆ ಹೊರಗೆ ಏನೂ ಮಾಡಿಸಿಲ್ಲ. ಅಡುಗೆಮನೆಯ ಚಾವಣಿಯಲ್ಲಿ ಒಂದು ಕಡೆ ಕಬ್ಬಿಣ ಕಾಣುತ್ತಿದೆ. ಮೊಸಾಯಿಕ್ ನೆಲ ಮಂಕಾಗಿದೆ. ಯಾವುದು ಮೊದಲು?

ಉತ್ತರ: ಮಾವನವರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ, ಅದು ಪಾನಶೆತ್ ನೀರಲ್ಲ. 1961ರ ಜುಲೈ 12ರಂದು ನುಗ್ಗಿದ ನೀರು ಅರವತ್ತು ಬೇಸಿಗೆಗಳನ್ನು ಕಂಡೂ ಗೋಡೆಯಲ್ಲಿ ಕೂತಿರಲು ಸಾಧ್ಯವಿಲ್ಲ. ಪ್ರವಾಹ ಉಪ್ಪನ್ನು ಬಿಟ್ಟುಹೋಗಿರಬಹುದು, ನೀರನ್ನಲ್ಲ. ನಿಮ್ಮ ಗೋಡೆಯ ನೀರು ಈ ವರ್ಷದ್ದು. ನನ್ನ ಗುಮಾನಿ ನೀವು ದಾಟಿಕೊಂಡು ಹೋದ ಆ ಒಂದು ಸಾಲಿನ ಮೇಲೆ: ಪೇವರ್ ಬ್ಲಾಕ್.

ಆ ಕಾಲದ ಪುಣೆಯ ಮನೆಗಳಿಗೆ ಸಾಮಾನ್ಯವಾಗಿ ಕರಿಕಲ್ಲಿನ ಪಾಯ, ಅದರ ತಲೆಯ ಮೇಲೆ ತೇವ ಏರದಂತೆ ತಡೆಯುವ ತೆಳುವಾದ ಒಂದು ಪದರ, ಆಮೇಲೆ ಇಟ್ಟಿಗೆ. ಹೊರಗಿನ ನೆಲ ಸದಾ ಆ ಪದರಕ್ಕಿಂತ ಕೆಳಗಿರಬೇಕು. ಹಳೆಯ ಅಂಗಳದ ಮೇಲೆಯೇ ಮರಳು ಹರವಿ ಬ್ಲಾಕ್ ಕೂರಿಸಿದರೆ ನೆಲ ನಾಲ್ಕೈದು ಅಂಗುಲ ಏರುತ್ತದೆ, ಪದರ ಮಣ್ಣಿನಡಿ ಹೂತುಹೋಗುತ್ತದೆ. ಇಳಿಜಾರು ಗೋಡೆಯ ಕಡೆಗಿದ್ದರಂತೂ ಮಳೆಗಾಲದುದ್ದಕ್ಕೂ ಇಟ್ಟಿಗೆಗೆ ಸಮಾರಾಧನೆ. ಇದರ ಮೇಲೆ ಸಿಮೆಂಟ್ ಗಾರೆ! ಸುಣ್ಣದ ಗಾರೆಯಾಗಿದ್ದರೆ ತೇವ ಅಲ್ಲಲ್ಲೇ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು, ನೀರು ಮೊಣಕಾಲಿಗೆ ಏರಿತು.

ಹಾಗಾಗಿ ಮೊದಲ ವರ್ಷದ ಕೆಲಸ ಹಿತ್ತಲಿನದು. ಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲ ಬ್ಲಾಕ್ ಎಬ್ಬಿಸಿ, ಪಾಯದ ಕಲ್ಲು ಕಾಣುವವರೆಗೆ ಮಣ್ಣು ತೆಗೆದು ಜಲ್ಲಿ ತುಂಬಿಸಿ. ಉಳಿದ ಅಂಗಳದ ಓಟ ಹೊರಗಡೆಗಿರಲಿ. ಒಳಗೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ, ಅಕ್ಟೋಬರಿನಿಂದ ಮೇವರೆಗೆ ಇಟ್ಟಿಗೆಯನ್ನು ಬರಿದಾಗಿಯೇ ಬಿಡಿ. ಬಂದವರು ಇದೇನು ಎಂದು ಕೇಳುತ್ತಾರೆ, ಕೇಳಲಿ. ಅರಳುವ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯುತ್ತಿರಿ, ತೊಳೆಯಬೇಡಿ. ಪೆನ್ಸಿಲ್‌ನಿಂದ ತೇವದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಡಿ. ಗೆರೆ ಕೆಳಗಿಳಿದ ಮೇಲೆಯೇ ಗಾರೆ, ಅದೂ ಸುಣ್ಣದ್ದು. ಸುಣ್ಣದ ಕೆಲಸ ಬಲ್ಲ ಗವಂಡಿ ಈಗ ಅಪರೂಪ. ಪುಣೆಯ ಹಳೆಯ ಪೇಟೆಗಳಲ್ಲಿ ವಾಡೆಗಳ, ಅಂದರೆ ಹಳೆಯ ಕಾಲದ ದೊಡ್ಡ ಮನೆಗಳ, ದುರಸ್ತಿ ಮಾಡುವವರ ಬಳಿ ವಿಚಾರಿಸಿ.

ನಿಧಾನ ಒಳ್ಳೆಯದೇ, ಆದರೆ ಎರಡು ಕೆಲಸಗಳಿಗೆ ಅದು ಸಲ್ಲದು. ಒಂದು, ಚಾವಣಿಯ ಕಬ್ಬಿಣ. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಅದರ ಕೆಳಗೆ ನಿಂತು ಅಡುಗೆ ಮಾಡುವವರು ನೀವು. ಮೇಲೊಂದು ಕೈ ಸಿಮೆಂಟ್ ಬಳಿಯುತ್ತೇನೆ ಎಂದವನನ್ನು ಬಾಗಿಲಲ್ಲೇ ಕಳಿಸಿ, ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ. ಹೊಸದಾಗಿ ಒಡೆದ ಜಾಗಕ್ಕೆ ಅವರು ಫಿನಾಫ್ತಲೀನ್ ಎಂಬ ರಾಸಾಯನಿಕ ಹಚ್ಚಿ ನೋಡುತ್ತಾರೆ: ಗಾಢ ಗುಲಾಬಿಯಾದರೆ ಕಾಂಕ್ರೀಟ್ ಇನ್ನೂ ಕಬ್ಬಿಣವನ್ನು ಕಾಯುತ್ತಿದೆ ಎಂದು ಲೆಕ್ಕ, ಬಣ್ಣವೇ ಬರದಿದ್ದರೆ ಆ ಕಾವಲು ಮುಗಿದಿದೆ. ಹಾಗೆಯೇ ತಾರಸಿಯ ಮೇಲೆ ಎಷ್ಟು ಸಲ ಕೋಬಾ (ಸೋರದಂತೆ ಹಾಕುವ ಇಟ್ಟಿಗೆ ಚೂರು, ಗಾರೆಯ ಪದರ) ಹಾಕಿಸಿದ್ದೀರಿ, ನೆನಪು ಮಾಡಿಕೊಳ್ಳಿ. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸದು ಹಾಕುವ ರೂಢಿ ಈ ಊರಿನಲ್ಲಿದೆ. ನಾಲ್ಕಂಗುಲದ ಒಂದು ಪದರವೇ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ.

ಎರಡನೆಯದು, ನೀವು ಕೇಳದೇ ಬಿಟ್ಟ ವೈರಿಂಗ್. ಮರದ ಪಟ್ಟಿಯ ಮೇಲೆ ರಬ್ಬರ್ ಹೊದಿಕೆಯ ಹಳೆಯ ತಂತಿ ಇನ್ನೂ ಉಳಿದಿದ್ದರೆ, ಆ ರಬ್ಬರ್ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ಅರ್ಥಿಂಗ್ ಇಲ್ಲದಿರುವ ಸಂಭವವೇ ಹೆಚ್ಚು. ಇಡೀ ಮನೆಯದು ಈಗಲೇ ಆಗದಿದ್ದರೆ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು), ಗೀಸರಿಗೊಂದು ಪ್ರತ್ಯೇಕ ಲೈನ್, ಇಷ್ಟು ಇದೇ ತಿಂಗಳು ಮಾಡಿಸಿ.

ಇನ್ನು ಅಡುಗೆಮನೆ. ನಿಮಗೆ ಬೇಸರವಾಗಬಹುದು, ಅದು ಕೊನೆಗೆ. ಬೆಳಿಗ್ಗೆ ನಲ್ಲಿಯ ಮೊದಲ ಲೋಟ ಕೆಂಪಗಿದ್ದರೆ ಗೋಡೆಯೊಳಗಿನ ಕಬ್ಬಿಣದ ಪೈಪು ಒಳಗಿನಿಂದ ತಿಂದುಹೋಗುತ್ತಿದೆ. ಇವತ್ತು ಚೆಂದದ ಕಪಾಟು ಕೂರಿಸಿ, ಮೂರನೆಯ ವರ್ಷ ಪೈಪಿಗಾಗಿ ಅದನ್ನೇ ಕಳಚಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಪೈಪು ಮತ್ತು ಉಳಿದ ವೈರಿಂಗ್ ಒಟ್ಟಿಗೆ ಮುಗಿಯಲಿ, ಗೋಡೆ ಒಂದೇ ಸಲ ಅಗೆದರೆ ಸಾಕು. ಭಾರ ಹೊತ್ತ ಗೋಡೆಯಲ್ಲಿ ಅಡ್ಡಕ್ಕೆ ಉದ್ದುದ್ದ ಕೊರೆಯಲು ಮಾತ್ರ ಬಿಡಬೇಡಿ.

ತೇಗದ ಕಿಟಕಿ ತೆಗೆದು ಸ್ಲೈಡಿಂಗ್ ಹಾಕಿಸುವ ಮಾತು ಬಂದರೆ ಒಂದೇ ಲೆಕ್ಕ: ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ.

ಮೊಸಾಯಿಕ್ ನೆಲದ ಮೇಲೆ ಹೊಳೆಯುವ ಟೈಲ್ಸ್ ಅಂಟಿಸಿದರೆ ಬಾಗಿಲುಗಳ ಕೆಳಗಂಚು ಕೊಯ್ಯಬೇಕಾಗುತ್ತದೆ, ಒಳ್ಳೆಯ ನೆಲವೂ ಹೋಗುತ್ತದೆ. ಯಂತ್ರದಿಂದ ಉಜ್ಜಿಸಿ, ಕೊನೆಯ ಸುತ್ತಿಗೆ ಆಕ್ಸಾಲಿಕ್ ಪುಡಿಯಿಂದ ಪಾಲಿಶ್ ಮಾಡಿಸಿದರೆ ಮಾವನವರ ಕಾಲದ ಬಣ್ಣವೇ ಎದ್ದುಬರುತ್ತದೆ. ಬಾತ್‌ರೂಮಿನ ಆಸಿಡ್ ಮಾತ್ರ ಅದಕ್ಕೆ ಸೋಕಬಾರದು. ಮತ್ತೆ, ಹಿತ್ತಲಿನ ಬ್ಲಾಕ್ ಎಬ್ಬಿಸುವಾಗ ಅಡಿಯಲ್ಲಿ ಶಹಾಬಾದ್ ಫರಶಿ ಸಿಕ್ಕರೆ ಗಾಡಿಗೆ ತುಂಬಿ ಕಳಿಸಬೇಡಿ. ನಮ್ಮ ಕಲಬುರಗಿ ಕಡೆಯ ಕಲ್ಲದು. ಒಡೆಯದೆ ಎತ್ತಿಟ್ಟರೆ ಅಡುಗೆಮನೆಯ ಸರದಿ ಬಂದಾಗ ಕಟ್ಟೆಯ ಅಡಿಗಲ್ಲಿಗೆ ಆಗುತ್ತದೆ.