ಹುಟ್ಟಿದ ವರ್ಷವೇ ಲೀಗ್ ಗೆದ್ದ ಬೆಂಗಳೂರು ಎಫ್‌ಸಿ: ಅದು ಬರೀ ದುಡ್ಡಿನ ಆಟವಾ?

ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಐ-ಲೀಗ್, ಅಂದರೆ ಆಗ ದೇಶದ ಅತಿ ಮೇಲ್ಮಟ್ಟದ ಫುಟ್‌ಬಾಲ್ ಲೀಗ್, ಗೆದ್ದದ್ದು ನಿಜವಾದ ಸಾಧನೆಯಾ, ಇಲ್ಲ ಕಂಪನಿ ದುಡ್ಡು ಸುರಿದದ್ದರ ಫಲವಾ, ಆಗ ನೋಡಿದವರು ಹೇಳಿ ಅಂತ ಕೇಳಿದ್ದೀರಿ. ನಾನು ಮೈಸೂರಿನವನು. ಆ ವರ್ಷ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಆರು ಸಲ ಹೋಗಿ ಬಂದಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ದುಡ್ಡು ಇತ್ತು, ಇರಲಿಲ್ಲ ಅನ್ನೋ ಹಾಗಿಲ್ಲ. ಮಾಲೀಕರು ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು. ಕೆಳಗಿನ ಡಿವಿಷನ್‌ನಿಂದ ಗೆದ್ದು ಮೇಲೆ ಬಂದ ತಂಡವೂ ಅಲ್ಲ, ನೇರವಾಗಿ ಐ-ಲೀಗ್‌ಗೇ ಸೇರಿಸಿಕೊಂಡರು. ಆದರೆ ದಿನಾಂಕ ನೋಡಿ. ಕ್ಲಬ್ ಶುರುವಾದದ್ದು 2013ರ ಜುಲೈ 20ಕ್ಕೆ. ಮೊದಲ ಮ್ಯಾಚ್ ಸೆಪ್ಟೆಂಬರ್ 22ಕ್ಕೆ. ನಡುವೆ ಇದ್ದದ್ದು ಎರಡೇ ತಿಂಗಳು. ಅಷ್ಟರಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಗೊತ್ತಿಲ್ಲದ ಆಟಗಾರರನ್ನು ಒಂದು ತಂಡ ಮಾಡಬೇಕಿತ್ತು.

ಆ ಮೊದಲ ಮ್ಯಾಚ್‌ಗೆ ನಾನು ಹೋಗಿದ್ದೆ. ಎದುರಾಳಿ ಕೋಲ್ಕತ್ತಾದ ಹಳೇ ಕ್ಲಬ್ ಮೋಹನ್ ಬಾಗನ್. ಭಾನುವಾರ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. ಮಂಡ್ಯ ಸ್ಟೇಷನ್‌ನಲ್ಲಿ ಅಕ್ಕ ಮಗನನ್ನು ಕರೆದುಕೊಂಡು ಬಂದು ನಿಂತಿದ್ದಳು. ಅವನಿಗೆ ಆಗ ಹತ್ತು ವರ್ಷ. ಕಿಟಕಿ ಪಕ್ಕ ಕೂತವನೇ ಶುರು ಮಾಡಿದ.

“ಮಾಮ, ನಮ್ ಟೀಮ್ ಯಾವಾಗ ಶುರುವಾಗಿದ್ದು?”

“ಈ ಜುಲೈನಲ್ಲಿ ಕಣೋ.”

“ಮೋಹನ್ ಬಾಗನ್?”

“1889ರಲ್ಲಿ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರೆ ನಮ್ ಟೀಮ್‌ಗಿಂತ ನಾನೇ ದೊಡ್ಡವನು” ಅಂದ.

ಆಟ 1-1 ಡ್ರಾ ಆಯಿತು. ಕ್ಲಬ್‌ನ ಮೊಟ್ಟಮೊದಲ ಗೋಲು ಹೊಡೆದದ್ದು ಆಸ್ಟ್ರೇಲಿಯಾದ ಶಾನ್ ರೂನಿ. ಆ ಸ್ಟೇಡಿಯಂ ದೊಡ್ಡದೇನಲ್ಲ, ಆದರೆ ಸ್ಟ್ಯಾಂಡ್‌ಗೂ ಮೈದಾನಕ್ಕೂ ದೂರವೇ ಇಲ್ಲ. ಹುಲ್ಲು ಪ್ಲಾಸ್ಟಿಕ್ಕಿಂದು. ಚೆಂಡು ಜೋರಾಗಿ ಬಿದ್ದಾಗ ಕೆಳಗಿನ ಕಪ್ಪು ರಬ್ಬರ್ ಚೂರುಗಳು ಪುಡಿಪುಡಿಯಾಗಿ ಎದ್ದು ಹಾರುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಜಾರಿ ಬಿದ್ದ ಆಟಗಾರ ಎದ್ದು ಮೊಣಕೈ ಒರೆಸಿಕೊಳ್ಳುತ್ತಿದ್ದ. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದೂ ಕೇಳಿಸುತ್ತಿತ್ತು. ಟಿವಿಯಲ್ಲಿ ಇದ್ಯಾವುದೂ ಸಿಗಲ್ಲ. ನಮ್ಮ ಹುಡುಗ ಟಿಕೆಟ್ ಚೂರನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅದು ಆಮೇಲೆ ಅವನ ಜಾಮಿಟ್ರಿ ಬಾಕ್ಸ್ ಸೇರಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದುಡ್ಡಿದ್ದ ಕ್ಲಬ್‌ಗಳು ಲೀಗ್‌ನಲ್ಲಿ ಬೇರೆಯೂ ಇದ್ದವು. ಇವರು ತಂದ ವಿದೇಶಿಯರಲ್ಲಿ ಯಾರೂ ದೊಡ್ಡ ಹೆಸರಿನವರಲ್ಲ. ರೂನಿ, ಹಿಂದೆ ಡಿಫೆನ್ಸ್‌ನಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ, ಲೈಬೀರಿಯಾದ ಜಾನಿ ಮೆನ್ಯಾಂಗರ್. ಕೋಚ್ ಆ್ಯಶ್ಲೆ ವೆಸ್ಟ್‌ವುಡ್ ಹುಡುಗನಾಗಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಪಳಗಿದವರು, ಆದರೆ ಮುಖ್ಯ ಕೋಚ್ ಆಗಿ ಅವರಿಗೂ ಹೆಚ್ಚು ಅನುಭವ ಇರಲಿಲ್ಲ. ದೊಡ್ಡ ಹೆಸರು ಅಂದರೆ ಕ್ಯಾಪ್ಟನ್ ಸುನಿಲ್ ಛೇತ್ರಿ ಒಬ್ಬರೇ. ಆ ಲೀಗ್‌ನಲ್ಲಿ ಅವರು 14 ಗೋಲು ಹೊಡೆದರು.

ನನಗೆ ಕಂಡ ವ್ಯತ್ಯಾಸ ಬೇರೆ. ಎಪ್ಪತ್ತು ನಿಮಿಷ ದಾಟಿದ ಮೇಲೆ ಎದುರಿನ ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲೋಕೆ ಶುರು ಮಾಡುತ್ತಿದ್ದರು. ನಮ್ಮವರು ಇನ್ನೂ ಓಡುತ್ತಲೇ ಇರುತ್ತಿದ್ದರು. ರಾಬಿನ್ ಸಿಂಗ್ ಮುಂದಿನ ಆಟಗಾರ, ಗೋಲು ಹೊಡೆಯೋದು ಅವರ ಕೆಲಸ. ಆದರೂ ಚೆಂಡು ಕೈತಪ್ಪಿದರೆ ಡಿಫೆಂಡರ್ ಬೆನ್ನು ಹತ್ತಿ ಹಿಂದಕ್ಕೆ ಓಡಿ ಬರುತ್ತಿದ್ದರು. ಫಿಟ್‌ನೆಸ್ ಅನ್ನೋದನ್ನು ದುಡ್ಡು ಕೊಟ್ಟು ಕೊಂಡು ತರೋಕಾಗಲ್ಲ. ದಿನಾ ಬೆಳಗ್ಗೆ ಮೈದಾನದಲ್ಲಿ ಬೆವರು ಹರಿಸಿಯೇ ಬರಬೇಕು. ಆಟ ಮುಗಿದ ಮೇಲೆ ಆಟಗಾರರು ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್ ಸ್ಟ್ಯಾಂಡ್ ಹತ್ತಿರ ಬಂದು ನಮಗೇ ಚಪ್ಪಾಳೆ ತಟ್ಟುತ್ತಿದ್ದರು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಇಷ್ಟು ದೂರದಿಂದ ಬಂದವನಿಗೆ ಅದು ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ!

ಮೈಸೂರಿನವನಿಗೆ ಬೆಂಗಳೂರಿನ ಕ್ಲಬ್ ಯಾಕೆ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ತಂಡ 2012ರಲ್ಲಿ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ಅಲ್ಲಿ ನಮ್ಮ ರಾಜ್ಯದ ತಂಡವೇ ಇರಲಿಲ್ಲ. ಅದಕ್ಕೂ ಹಿಂದಕ್ಕೆ ಹೋದರೆ, ‘ಮೈಸೂರು’ ಅನ್ನೋ ಹೆಸರಲ್ಲೇ ನಮ್ಮವರು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದರು. ಕೊನೆಯದು 1968-69ರಲ್ಲಿ, ಆಗ ರಾಜ್ಯದ ಹೆಸರೇ ಮೈಸೂರು ಅಲ್ವಾ. ಆ ತಲೆಮಾರನ್ನು ನಾನು ನೋಡಿಲ್ಲ. ನಾನು ಬೆಳೆದದ್ದು ಮೈಸೂರಿನ ಓವಲ್ ಮೈದಾನದ ಕೆಸರಲ್ಲಿ ಒದ್ದಾಡಿಕೊಂಡು, ನಮ್ಮದು ಅಂತ ಹೇಳಿಕೊಳ್ಳೋಕೆ ಒಂದೂ ತಂಡ ಇಲ್ಲದೆ. ಹಾಗಿರುವಾಗ ಬೆಂಗಳೂರಿನ ಹುಡುಗ ಶಂಕರ್ ಸಂಪಂಗಿರಾಜ್ ಆ ನೀಲಿ ಜೆರ್ಸಿ ಹಾಕಿಕೊಂಡಿದ್ದು ಕಂಡರೆ ಎದೆ ತುಂಬಿ ಬರಲ್ವಾ? ಹೆಸರಿನದ್ದೂ ಒಂದು ಮಾತಿದೆ. ಆಗ ಸರ್ಕಾರದ ಇಂಗ್ಲಿಷ್ ಕಾಗದದಲ್ಲಿ ಆ ಊರು ಇನ್ನೂ ಬ್ಯಾಂಗಲೋರ್, ನಮ್ಮೂರು ಮೈಸೋರ್. ಅದು ಬದಲಾದದ್ದು 2014ರ ನವೆಂಬರ್ 1ಕ್ಕೆ. ಕ್ಲಬ್ ಅದಕ್ಕೂ ಮುಂಚೆಯೇ ಬೆಂಗಳೂರು ಅಂತಲೇ ಹೆಸರಿಟ್ಟುಕೊಂಡಿತ್ತು. ನನಗೆ ಅದು ತುಂಬ ಹಿಡಿಸಿತು.

ಲೆಕ್ಕ ಬೇಕು ಅಂದರೆ: 13 ತಂಡ, ಒಬ್ಬೊಬ್ಬರಿಗೆ 24 ಮ್ಯಾಚ್. ಬೆಂಗಳೂರು 14 ಗೆಲುವು, 5 ಡ್ರಾ, 5 ಸೋಲು, 47 ಪಾಯಿಂಟ್. ಎರಡನೇ ಜಾಗದ ಈಸ್ಟ್ ಬೆಂಗಾಲ್ 43. ಐದು ಸಲ ಸೋತಿದ್ದಾರೆ ಅನ್ನೋದನ್ನು ಗಮನಿಸಿ. ಯಾರೂ ಅವರಿಗೆ ದಾರಿ ಬಿಟ್ಟು ಕೊಡಲಿಲ್ಲ.

ಇನ್ನೂ ಒಂದು ಮ್ಯಾಚ್ ಬಾಕಿ ಇರುವಾಗಲೇ, 2014ರ ಏಪ್ರಿಲ್ 21ಕ್ಕೆ, ಗೋವಾದ ಫತೋರ್ಡಾದಲ್ಲಿ ಡೆಂಪೊ ವಿರುದ್ಧ ತೀರ್ಮಾನವಾಯಿತು. ಎದುರಿಗಿದ್ದದ್ದು ಎಷ್ಟೋ ಸಲ ದೇಶದ ಚಾಂಪಿಯನ್ ಆಗಿದ್ದ ತಂಡ, ಅದೂ ಅವರದೇ ಅಂಗಳದಲ್ಲಿ. ಸೋಮವಾರ, ನನಗೆ ರಜೆ ಸಿಗಲಿಲ್ಲ. ನಾಲ್ಕು ದಿನದ ಹಿಂದಷ್ಟೇ ಲೋಕಸಭೆ ಚುನಾವಣೆಗೆ ಓಟು ಹಾಕಿದ್ದೆ. ಬೆರಳ ಮೇಲೆ ಇನ್ನೂ ಶಾಯಿ ಗುರುತು ಇತ್ತು. ಅದೇ ಬೆರಳಲ್ಲಿ ನಿಮಿಷಕ್ಕೊಂದು ಸಲ ಮೊಬೈಲ್ ಸ್ಕೋರ್ ಉಜ್ಜುತ್ತಿದ್ದೆ. ಅಕ್ಕನ ಮಗ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ. ಫೋನ್ ಮಾಡಿ 4-2, ಗೆದ್ವಿ ಕಣೋ ಅಂದೆ. ಆ ಕಡೆಯಿಂದ ಕಿರುಚಿದ್ದು ಕೇಳಿಸಿತು. ಆಮೇಲೆ ಅವನು ಕೇಳಿದ್ದು ಇಷ್ಟೇ.

“ಮಾಮ, ನಮ್ ಟೀಮ್‌ಗೆ ಇನ್ನೂ ವರ್ಷ ತುಂಬಿಲ್ಲ ಅಲ್ವಾ?”